ದಂಡನಾಯಕನ ಕುರ್ಚಿ: ಕಂಪನಿಯಿಂದ ಗಣರಾಜ್ಯದವರೆಗೆ

ದೆಹಲಿಯ ತೀನ್ ಮೂರ್ತಿ ಭವನ ಎಂದರೆ ಜವಾಹರಲಾಲ್ ನೆಹರೂ ಅವರ ಮನೆ ಎಂದೇ ಜನರ ನೆನಪು. 1948ರಿಂದ 1964ರಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲಿದ್ದರು. ಆದರೆ ವಾಸ್ತುಶಿಲ್ಪಿ ರಾಬರ್ಟ್ ಟಾರ್ ರಸೆಲ್ ಆ ಕಟ್ಟಡದ ನಕ್ಷೆ ಬರೆದದ್ದು ಪ್ರಧಾನಿಗಾಗಿ ಅಲ್ಲ. 1930ರಲ್ಲಿ ಸಿದ್ಧವಾದಾಗ ಅದರ ಹೆಸರು ಫ್ಲ್ಯಾಗ್‌ಸ್ಟಾಫ್ ಹೌಸ್. ಅಲ್ಲಿ ವಾಸಿಸಬೇಕಿದ್ದವನು ಬ್ರಿಟಿಷ್ ಭಾರತದ ಕಮಾಂಡರ್ ಇನ್ ಚೀಫ್, ಅಂದರೆ ಮಹಾದಂಡನಾಯಕ. ಮನೆಯ ಮುಂದಿನ ವೃತ್ತದಲ್ಲಿರುವ ಮೂರು ಪ್ರತಿಮೆಗಳು ಮೊದಲ ಮಹಾಯುದ್ಧದಲ್ಲಿ ಕಾದಿದ ಮೈಸೂರು, ಹೈದರಾಬಾದ್ ಮತ್ತು ಜೋಧಪುರ ಸಂಸ್ಥಾನಗಳ ಕುದುರೆ ಸವಾರರ ಸ್ಮಾರಕ. ಭವನಕ್ಕೆ ಈಗಿನ ಹೆಸರು ಬಂದದ್ದು ಆ ಮೂವರಿಂದಲೇ.

ಸ್ವಾತಂತ್ರ್ಯ ಬಂದ ಮರುವರ್ಷವೇ ಆ ಮನೆ ಪ್ರಧಾನಿಯ ಪಾಲಾಯಿತು. ಸೇನೆಯ ಮುಖ್ಯಸ್ಥರಿಗೆ ಇಂದಿನ ರಾಜಾಜಿ ಮಾರ್ಗದಲ್ಲಿರುವ ಬಂಗಲೆ ಸಾಕಾಯಿತು. ಮನೆ ಬದಲಾದದ್ದು ಮೇಲ್ನೋಟಕ್ಕೆ ಸಣ್ಣ ಸಂಗತಿ. ಭಾರತೀಯ ಸೇನೆಯ ಅತ್ಯುನ್ನತ ಹುದ್ದೆಯ ಸುಮಾರು ಮುನ್ನೂರು ವರ್ಷಗಳ ಚರಿತ್ರೆಯ ದಿಕ್ಕು ಅದರಲ್ಲೇ ಕಾಣುತ್ತದೆ. ಒಂದು ಕಾಲಕ್ಕೆ ರಾಜ್ಯ ಗೆಲ್ಲುವ, ರಾಜ್ಯ ಆಳುವ, ವೈಸ್‌ರಾಯ್‌ಗೇ ಸವಾಲು ಹಾಕುವ ಶಕ್ತಿ ಆ ಕುರ್ಚಿಗಿತ್ತು. ಒಂದೊಂದಾಗಿ ಆ ಶಕ್ತಿಗಳನ್ನೆಲ್ಲ ಅದು ಬಿಟ್ಟುಕೊಡುತ್ತ ಬಂತು. ನಮ್ಮ ಪ್ರಜಾಪ್ರಭುತ್ವ ಉಳಿದುಕೊಂಡ ಕಥೆಯಲ್ಲಿ ಈ ಬಿಟ್ಟುಕೊಡುವಿಕೆಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲ.

ಮೂರು ಸೇನೆಗಳ ಕಾಲ

ಕಥೆ ಶುರುವಾಗುವುದು ಕಡಲ ತೀರದ ಒಂದು ಕೋಟೆಯಲ್ಲಿ. 1746ರಲ್ಲಿ ಫ್ರೆಂಚರು ಮದರಾಸನ್ನು ಕಸಿದುಕೊಂಡಿದ್ದರು. ಈಸ್ಟ್ ಇಂಡಿಯಾ ಕಂಪನಿಗೆ ಗೋದಾಮು ಕಾಯುವ ಕಾವಲುಗಾರರಿದ್ದರೇ ಹೊರತು ಸೇನೆ ಎನ್ನುವಂಥದ್ದು ಇರಲಿಲ್ಲ. 1748ರ ಆರಂಭದಲ್ಲಿ ಕಡಲೂರಿನ ಸಮೀಪದ ಸೇಂಟ್ ಡೇವಿಡ್ ಕೋಟೆಗೆ ಬಂದಿಳಿದ ಮೇಜರ್ ಸ್ಟ್ರಿಂಜರ್ ಲಾರೆನ್ಸ್ ಆ ಕಾವಲುಗಾರರನ್ನೂ ಸ್ಥಳೀಯ ಸಿಪಾಯಿಗಳನ್ನೂ ತುಕಡಿಗಳಾಗಿ ವಿಂಗಡಿಸಿ ಕವಾಯತು ಕಲಿಸಿದ. ಭಾರತದಲ್ಲಿ ಕಂಪನಿ ಸೇನೆಯ ಮೊದಲ ದಂಡನಾಯಕನೆಂದು ಇತಿಹಾಸಕಾರರು ಅವನನ್ನೇ ಗುರುತಿಸುತ್ತಾರೆ. ರಾಬರ್ಟ್ ಕ್ಲೈವ್ ಯುದ್ಧವಿದ್ಯೆಯಲ್ಲಿ ಪಳಗಿದ್ದು ಅವನ ಕೈಕೆಳಗೆ.

ಕಂಪನಿ ಬೆಳೆದಂತೆ ಬಂಗಾಳ, ಮದರಾಸು, ಬೊಂಬಾಯಿ ಪ್ರಾಂತ್ಯಗಳಿಗೆ ಬೇರೆಬೇರೆ ಸೇನೆಗಳಾದವು. ಪ್ರತಿಯೊಂದಕ್ಕೂ ಒಬ್ಬ ದಂಡನಾಯಕನಿದ್ದ. ಬಂಗಾಳ ಸೇನೆಯ ದಂಡನಾಯಕನಿಗೆ ಮಿಕ್ಕ ಇಬ್ಬರಿಗಿಂತ ಒಂದು ಮೆಟ್ಟಿಲು ಮೇಲಿನ ಸ್ಥಾನ.

ಈ ಕುರ್ಚಿಯ ಬಲ ಎಷ್ಟಿತ್ತೆಂಬುದನ್ನು ಕನ್ನಡ ನಾಡು ಬಹಳ ಬೇಗ ಅನುಭವಿಸಿತು. ಅಮೆರಿಕದ ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ಶರಣಾಗಿದ್ದ ಲಾರ್ಡ್ ಕಾರ್ನ್‌ವಾಲಿಸ್ 1786ರಲ್ಲಿ ಭಾರತಕ್ಕೆ ಬಂದಾಗ ಗವರ್ನರ್ ಜನರಲ್ ಹುದ್ದೆಯನ್ನೂ ಕಮಾಂಡರ್ ಇನ್ ಚೀಫ್ ಹುದ್ದೆಯನ್ನೂ ಒಟ್ಟಿಗೇ ಪಡೆದುಕೊಂಡಿದ್ದ. ಆಳುವವನೂ ಅವನೇ, ದಂಡು ನಡೆಸುವವನೂ ಅವನೇ. ಟಿಪ್ಪು ಸುಲ್ತಾನನ ಮೇಲಿನ ಮೂರನೆಯ ಯುದ್ಧದಲ್ಲಿ ಅವನೇ ಖುದ್ದಾಗಿ ಸೇನೆಯ ಮುಂದೆ ನಿಂತ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬಿತ್ತು. ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಕಳಿಸಿದ. ಕೊಡಗಿನ ಮೇಲಿನ ಹಕ್ಕನ್ನು ಅವನು ಬಿಟ್ಟುಕೊಟ್ಟದ್ದೂ ಅದೇ ಒಪ್ಪಂದದಲ್ಲಿ. ಅಲ್ಲಿಂದ 157 ವರ್ಷಕ್ಕೆ ಕಾರ್ನ್‌ವಾಲಿಸ್ ಹೊಂದಿದ್ದ ಹುದ್ದೆಗೆ ಕೊಡಗಿನವರೊಬ್ಬರು ಬರುತ್ತಾರೆ.

1857ರ ದಂಗೆಯ ನಂತರ ಕಂಪನಿಯ ಆಳ್ವಿಕೆ ಮುಗಿದು ರಾಣಿಯ ಆಳ್ವಿಕೆ ಬಂತು. ಆದರೂ ಮೂರು ಸೇನೆಗಳು ಬೇರೆಬೇರೆಯಾಗಿಯೇ ಉಳಿದವು. ಅವು ಒಂದಾದದ್ದು 1895ರ ಏಪ್ರಿಲ್ 1ರಂದು. ಅಂದಿನಿಂದ ಇಡೀ ಉಪಖಂಡಕ್ಕೆ, ಅರಬ್ಬಿ ಸಮುದ್ರದ ಆಚೆಯ ಏಡನ್‌ವರೆಗೆ, ಒಬ್ಬನೇ ಕಮಾಂಡರ್ ಇನ್ ಚೀಫ್.

ಕರ್ಜನ್ ಮತ್ತು ಕಿಚನರ್

ಒಬ್ಬನ ಕೈಗೆ ಇಷ್ಟು ಬಲ ಕೊಟ್ಟರೆ ಅವನನ್ನು ಹಿಡಿದು ನಿಲ್ಲಿಸುವವರು ಯಾರು? ಈ ಪ್ರಶ್ನೆ ಹತ್ತು ವರ್ಷದೊಳಗೆ ದೊಡ್ಡ ಜಗಳವಾಗಿ ಸಿಡಿಯಿತು. 1902ರಲ್ಲಿ ದಂಡನಾಯಕನಾಗಿ ಬಂದ ಲಾರ್ಡ್ ಕಿಚನರ್‌ಗೆ ಒಂದು ವ್ಯವಸ್ಥೆ ಸರಿಬರಲಿಲ್ಲ. ಯುದ್ಧ ಮಾಡಿಸುವ ಹೊಣೆ ಅವನದು. ಆದರೆ ರಸದು, ಸಾಗಣೆ, ಮದ್ದುಗುಂಡು, ಖರ್ಚುವೆಚ್ಚಗಳ ಹೊಣೆ ವೈಸ್‌ರಾಯ್ ಮಂಡಲಿಯಲ್ಲಿದ್ದ ಮಿಲಿಟರಿ ಸದಸ್ಯನೆಂಬ ಇನ್ನೊಬ್ಬ ಅಧಿಕಾರಿಯದು. ದಂಡನಾಯಕನ ಪ್ರಸ್ತಾವಗಳೆಲ್ಲ ಆ ಸದಸ್ಯನ ಕಚೇರಿಯ ಮೂಲಕವೇ ವೈಸ್‌ರಾಯ್‌ಗೆ ಹೋಗಬೇಕು. ಎರಡು ತಲೆಗಳಿದ್ದರೆ ಸೇನೆ ಯುದ್ಧಕ್ಕೆ ಸಜ್ಜಾಗುವುದು ಹೇಗೆ ಎಂಬುದು ಕಿಚನರ್‌ನ ವಾದ.

ವೈಸ್‌ರಾಯ್ ಲಾರ್ಡ್ ಕರ್ಜನ್ ಒಪ್ಪಲಿಲ್ಲ. ಸೇನೆಯ ವಿಚಾರದಲ್ಲಿ ಸರ್ಕಾರಕ್ಕೆ ಎರಡನೆಯ ತಜ್ಞ ಅಭಿಪ್ರಾಯವೇ ಸಿಗದಂತಾದರೆ ದಂಡನಾಯಕ ಹೇಳಿದ್ದೇ ಅಂತಿಮವಾಗುತ್ತದೆ, ನಾಗರಿಕ ಆಡಳಿತದ ಹಿಡಿತ ತಪ್ಪುತ್ತದೆ ಎಂದು ಅವನು ಪಟ್ಟು ಹಿಡಿದ. ಜಗಳ ಲಂಡನ್‌ಗೆ ಹೋಯಿತು. ಲಂಡನ್ ಕಿಚನರ್‌ನ ಕಡೆ ವಾಲಿತು. 1905ರ ಆಗಸ್ಟ್‌ನಲ್ಲಿ ಕರ್ಜನ್ ರಾಜೀನಾಮೆ ಕೊಟ್ಟ. ಬಂಗಾಳ ವಿಭಜನೆಯಿಂದ ಭಾರತೀಯರ ಕೋಪಕ್ಕೆ ಗುರಿಯಾದ ವೈಸ್‌ರಾಯ್ ಕೊನೆಗೆ ಹುದ್ದೆ ಬಿಟ್ಟದ್ದು ತನ್ನದೇ ದಂಡನಾಯಕನೆದುರು ಸೋತು.

ಕಿಚನರ್ ಗೆದ್ದ ವ್ಯವಸ್ಥೆಗೆ ಸಿಪಾಯಿಗಳು ಬೆಲೆ ತೆರಬೇಕಾಯಿತು. ಮೊದಲ ಮಹಾಯುದ್ಧದಲ್ಲಿ ಭಾರತದಿಂದ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕ್‌ಗೆ ಹೋದ ದಂಡಿಗೆ ದೋಣಿಗಳು ಸಾಲಲಿಲ್ಲ, ಔಷಧಿ ಸಾಲಲಿಲ್ಲ, ಗಾಯಾಳುಗಳನ್ನು ಸಾಗಿಸುವ ಏರ್ಪಾಟೇ ಇರಲಿಲ್ಲ. 1916ರ ಏಪ್ರಿಲ್ 29ರಂದು ಕುತ್ ಪಟ್ಟಣದಲ್ಲಿ ಸುಮಾರು 13 ಸಾವಿರ ಮಂದಿ ತುರ್ಕರಿಗೆ ಶರಣಾದರು. ಅವರಲ್ಲಿ ಹೆಚ್ಚಿನವರು ಭಾರತೀಯರು. ಮರುವರ್ಷ ಬಂದ ತನಿಖಾ ಆಯೋಗದ ವರದಿ ಅಂದಿನ ದಂಡನಾಯಕ ಬ್ಯೂಚಾಂಪ್ ಡಫ್‌ನನ್ನು ಟೀಕಿಸಿದ್ದಲ್ಲದೆ, ದಂಡನಾಯಕನ ಕೆಲಸವನ್ನೂ ಮಿಲಿಟರಿ ಸದಸ್ಯನ ಕೆಲಸವನ್ನೂ ಒಬ್ಬನೇ ಹೊರುವ ವ್ಯವಸ್ಥೆಯನ್ನೇ ತಪ್ಪೆಂದಿತು. ಕರ್ಜನ್ ಎತ್ತಿದ್ದ ಆಕ್ಷೇಪ ಎಷ್ಟು ಗಟ್ಟಿಯಾದದ್ದು ಎಂಬುದು ಕುತ್‌ನ ಹಸಿವಿನಲ್ಲಿ ಸಾಬೀತಾಗಿತ್ತು.

ಎಂಟು ತುಕಡಿಗಳ ಗೋಡೆ

ಇಷ್ಟೆಲ್ಲ ನಡೆಯುವಾಗ ಆ ಸೇನೆಯ ಸಿಪಾಯಿ ಭಾರತೀಯ, ಅಧಿಕಾರಿ ಬ್ರಿಟಿಷ್. ಪೂರ್ಣ ಅಧಿಕಾರದ ರಾಜಾಯೋಗ, ಅಂದರೆ ಕಿಂಗ್ಸ್ ಕಮಿಷನ್, ಭಾರತೀಯರಿಗೆ ತೆರೆದದ್ದು ಮೊದಲ ಮಹಾಯುದ್ಧದ ಕೊನೆಯಲ್ಲಿ. ಇಂದೋರಿನ ಡೇಲಿ ಕೆಡೆಟ್ ಕಾಲೇಜಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಗಳಾದ ಮೊದಲ ತಂಡದಲ್ಲಿ ಶನಿವಾರಸಂತೆಯಲ್ಲಿ ಹುಟ್ಟಿ, ಮಡಿಕೇರಿಯಲ್ಲಿ ಓದಿದ ಕೊಡಂದೇರ ಮಾದಪ್ಪ ಕಾರ್ಯಪ್ಪ ಇದ್ದರು.

ಬಾಗಿಲು ತೆರೆದರೂ ಒಳಗೊಂದು ಗೋಡೆ ಇತ್ತು. ಬ್ರಿಟಿಷ್ ಅಧಿಕಾರಿ ಭಾರತೀಯನ ಕೈಕೆಳಗೆ ದುಡಿಯುವ ಸಂದರ್ಭ ಬರಬಾರದೆಂದು 1923ರಲ್ಲಿ ಎಂಟು ತುಕಡಿಗಳನ್ನು ಗುರುತಿಸಿ, ಹೊಸ ಭಾರತೀಯ ಅಧಿಕಾರಿಗಳನ್ನು ಅಲ್ಲಿಗಷ್ಟೇ ಕಳಿಸುವ ಯೋಜನೆ ಬಂತು. ಡೆಹ್ರಾಡೂನ್‌ನ ಮಿಲಿಟರಿ ಅಕಾಡೆಮಿ ಶುರುವಾಗಲು 1932ರವರೆಗೆ ಕಾಯಬೇಕಾಯಿತು. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ 1933ರಲ್ಲಿ ಕಾಲಿಟ್ಟ ಮೊದಲ ಭಾರತೀಯ ಅಧಿಕಾರಿ ಕಾರ್ಯಪ್ಪ. 1942ರಲ್ಲಿ ಒಂದು ಬೆಟಾಲಿಯನ್ನಿನ ಹೊಣೆ ಹೊತ್ತ ಮೊದಲ ಭಾರತೀಯರೂ ಅವರೇ. ಕಮಿಷನ್ ಸಿಕ್ಕಿ ಅದಾಗಲೇ ಎರಡು ದಶಕ ಕಳೆದಿತ್ತು.

ಈ ನಿಧಾನವೇ 1947ರಲ್ಲಿ ಇಕ್ಕಟ್ಟಾಗಿ ಪರಿಣಮಿಸಿತು. ದೇಶ ಸ್ವತಂತ್ರವಾಗುವ ಹೊತ್ತಿಗೆ ದೊಡ್ಡ ಸೇನಾಪಡೆಗಳನ್ನು ನಡೆಸಿದ ಅನುಭವವಿದ್ದ ಭಾರತೀಯ ಅಧಿಕಾರಿಗಳೇ ವಿರಳ.

ಯುದ್ಧದ ಎರಡೂ ಕಡೆ ಬ್ರಿಟಿಷರು

ದಂಡನಾಯಕನ ಅಧಿಕಾರಕ್ಕೆ ಮೊದಲ ಕತ್ತರಿ ಬಿದ್ದದ್ದು ಸ್ವಾತಂತ್ರ್ಯಕ್ಕೂ ಒಂದು ವರ್ಷ ಮುಂಚೆ. 1946ರ ಸೆಪ್ಟೆಂಬರ್ 2ರಂದು ಬಂದ ಮಧ್ಯಂತರ ಸರ್ಕಾರದಲ್ಲಿ ರಕ್ಷಣಾ ಖಾತೆ ಸರ್ದಾರ್ ಬಲದೇವ್ ಸಿಂಗ್ ಅವರಿಗೆ ಹೋಯಿತು. ಅಲ್ಲಿಯವರೆಗೆ ದಂಡನಾಯಕನೇ ವೈಸ್‌ರಾಯ್ ಮಂಡಲಿಯಲ್ಲಿ ಸೇನೆಯ ಪರವಾಗಿ ಕೂರುತ್ತಿದ್ದ. ಈಗ ಆ ಆಸನ ಒಬ್ಬ ರಾಜಕೀಯ ನಾಯಕನದ್ದಾಯಿತು. 1947ರ ಆಗಸ್ಟ್ 15ರಂದು ಎರಡನೆಯ ಕತ್ತರಿ: ಭೂಸೇನೆ, ನೌಕಾಸೇನೆ, ವಾಯುಸೇನೆಗಳಿಗೆ ಪ್ರತ್ಯೇಕ ದಂಡನಾಯಕರು ಬಂದರು. ಮೂರೂ ಪಡೆಗಳ ಮೇಲೆ ಭೂಸೇನೆಯ ದಂಡನಾಯಕನಿಗಿದ್ದ ಯಜಮಾನಿಕೆ ಅಲ್ಲಿಗೆ ಮುಗಿಯಿತು.

ಆದರೆ ಕುರ್ಚಿಯಲ್ಲಿ ಇನ್ನೂ ಬ್ರಿಟಿಷರೇ ಇದ್ದರು. ಭಾರತದ ಸೇನೆಗೆ ರಾಬ್ ಲಾಕ್‌ಹಾರ್ಟ್, 1948ರ ಆರಂಭದಿಂದ ರಾಯ್ ಬುಚರ್. ಪಾಕಿಸ್ತಾನದ ಸೇನೆಗೆ ಫ್ರಾಂಕ್ ಮೆಸ್ಸರ್ವಿ, ನಂತರ ಡಗ್ಲಸ್ ಗ್ರೇಸಿ. ಇಬ್ಬರ ಮೇಲೂ ಸುಪ್ರೀಂ ಕಮಾಂಡರ್ ಎಂಬ ಪಟ್ಟದಲ್ಲಿ ಕ್ಲಾಡ್ ಆಕಿನ್‌ಲೆಕ್. 1947ರ ಅಕ್ಟೋಬರ್‌ನಲ್ಲಿ ಕಾಶ್ಮೀರದ ಯುದ್ಧ ಹೊತ್ತಿಕೊಂಡಾಗ ಒಂದೇ ದೇಶದಿಂದ ಬಂದ ಸೇನಾಪತಿಗಳು ಎದುರುಬದುರು ನಿಂತರು. ಪಾಕಿಸ್ತಾನದ ಪಡೆಗಳನ್ನು ಕಾಶ್ಮೀರಕ್ಕೆ ನುಗ್ಗಿಸಿ ಎಂದು ಜಿನ್ನಾ ಆಜ್ಞೆ ಕೊಟ್ಟಾಗ, ಹಂಗಾಮಿಯಾಗಿ ಹೊಣೆ ಹೊತ್ತಿದ್ದ ಗ್ರೇಸಿ ಆಕಿನ್‌ಲೆಕ್‌ರ ಕಡೆ ನೋಡಿದರು. ಆಕಿನ್‌ಲೆಕ್ ಲಾಹೋರಿಗೆ ಹಾರಿಬಂದು, ಹಾಗೆ ಮಾಡಿದರೆ ಎಲ್ಲ ಬ್ರಿಟಿಷ್ ಅಧಿಕಾರಿಗಳನ್ನೂ ವಾಪಸ್ ಕರೆಸಿಕೊಳ್ಳಬೇಕಾಗುತ್ತದೆ ಎಂದರು. ಸ್ವತಂತ್ರ ದೇಶದ ಸೇನೆಗೆ ತನ್ನವನೇ ಆದ ನಾಯಕ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿರಲಿಲ್ಲ. ಆಕಿನ್‌ಲೆಕ್‌ರ ಕಚೇರಿ ಅದೇ ವರ್ಷದ ನವೆಂಬರ್ ಕೊನೆಗೆ ಬಾಗಿಲು ಮುಚ್ಚಿತು.

ಕೊಡಗಿನಿಂದ ಬಂದವರು

ಕಾಶ್ಮೀರದ ಯುದ್ಧವೇ ಆ ನಾಯಕನನ್ನು ಮುಂದಕ್ಕೆ ತಂದಿತು. 1948ರ ಆರಂಭದಲ್ಲಿ ಪಶ್ಚಿಮದ ಕಮಾಂಡ್ ವಹಿಸಿಕೊಂಡ ಕಾರ್ಯಪ್ಪ ಇಡೀ ರಣಾಂಗಣದ ಹೊಣೆ ಹೊತ್ತರು. ಅವರ ಕೆಳಗೆ ಶ್ರೀನಗರದ ಕಡೆಯ ಡಿವಿಷನ್ ನಡೆಸಿದವರು ಅದೇ ಕೊಡಂದೇರ ಮನೆತನದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ನವೆಂಬರ್ 1ರಂದು ತಿಮ್ಮಯ್ಯನವರ ಪಡೆ 11 ಸಾವಿರ ಅಡಿಗೂ ಎತ್ತರದ ಜೋಜಿ ಲಾ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿತು. ಆ ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಶತ್ರು ಎಣಿಸಿರಲಿಲ್ಲ. ದ್ರಾಸ್ ಮತ್ತು ಕಾರ್ಗಿಲ್ ಕೈಗೆ ಬಂದವು, ಲೇಹ್‌ಗೆ ಹೋಗುವ ದಾರಿ ತೆರೆಯಿತು.

1949ರ ಜನವರಿ 1ರಂದು ಕದನವಿರಾಮ. ಎರಡು ವಾರದ ಮೇಲೆ, ಜನವರಿ 15ರಂದು, ರಾಯ್ ಬುಚರ್ ಅಧಿಕಾರ ಬಿಟ್ಟುಕೊಟ್ಟರು. ಕಾರ್ಯಪ್ಪ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಪ್ರತಿವರ್ಷ ಆ ದಿನವೇ ಸೇನಾ ದಿನ. ಕೊಡಗು ಆಗ ಮೈಸೂರಿಗೂ ಸೇರದೆ ಪ್ರತ್ಯೇಕವಾಗಿದ್ದ ಪುಟ್ಟ ಪ್ರಾಂತ್ಯ.

ಅವರ ಮುಂದಿದ್ದ ಕೆಲಸ ಗಾತ್ರದಲ್ಲೂ ಸೂಕ್ಷ್ಮದಲ್ಲೂ ದೊಡ್ಡದು. ದೇಶ ಹರಿದುಕೊಂಡಾಗ ಸೇನೆಯೂ ಹರಿದಿತ್ತು. ಬ್ರಿಟಿಷರು ಜಾತಿ, ಪ್ರದೇಶಗಳ ಲೆಕ್ಕದಲ್ಲಿ ಕಟ್ಟಿದ್ದ ರೆಜಿಮೆಂಟುಗಳ ಪಕ್ಕದಲ್ಲಿ ಎಲ್ಲ ಕಡೆಯವರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಹುಟ್ಟಿದ್ದು ಅವರ ಕಾಲದಲ್ಲಿ. ಪ್ರಾದೇಶಿಕ ಸೇನೆ ರೂಪುಗೊಂಡದ್ದೂ 1949ರಲ್ಲೇ. ಎಲ್ಲಕ್ಕಿಂತ ಮಿಗಿಲಾಗಿ, ಬ್ಯಾರಕ್ಕಿನೊಳಗೆ ರಾಜಕೀಯಕ್ಕೆ ಜಾಗವಿಲ್ಲ ಎಂಬ ಗೆರೆಯನ್ನು ಅವರು ಬಲವಾಗಿ ಎಳೆದರು.

ಆ ಗೆರೆಯ ಬೆಲೆ ತಿಳಿಯಲು ಗಡಿಯಾಚೆ ನೋಡಿದರೆ ಸಾಕು. ಅದೇ ಸೇನೆಯಿಂದ ಒಡೆದ, ಅದೇ ಕವಾಯತು ಕಲಿತ ಪಾಕಿಸ್ತಾನದ ಸೇನೆಗೆ 1951ರ ಜನವರಿಯಲ್ಲಿ ಅಯೂಬ್ ಖಾನ್ ಮೊದಲ ಸ್ವದೇಶಿ ದಂಡನಾಯಕರಾದರು. 1954ರಲ್ಲಿ ಸಮವಸ್ತ್ರದಲ್ಲೇ ರಕ್ಷಣಾ ಸಚಿವರಾದರು. 1958ರಲ್ಲಿ ದೇಶವೇ ಅವರ ಕೈಗೆ ಹೋಯಿತು. ಕಾರ್ಯಪ್ಪ ನಾಲ್ಕು ವರ್ಷದ ಅವಧಿ ಮುಗಿಸಿ 1953ರ ಜನವರಿಯಲ್ಲಿ ನಿವೃತ್ತರಾಗಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಹೈಕಮಿಷನರ್ ಆಗಿ ಹೋದರು, ಆಮೇಲೆ ಮಡಿಕೇರಿಯ ‘ರೋಶನಾರ’ ಮನೆಗೆ ಮರಳಿದರು. 1965ರ ಯುದ್ಧದಲ್ಲಿ ವಾಯುಸೇನೆಯ ಪೈಲಟ್ ಆಗಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಯಾದಾಗ, ಅಯೂಬ್ ಕಡೆಯಿಂದ ಬಂದ ವಿಶೇಷ ರಿಯಾಯಿತಿಯ ಮಾತನ್ನು ಅವರು ತಿರಸ್ಕರಿಸಿದರೆಂದು, ಸೆರೆಯಲ್ಲಿರುವ ಸೈನಿಕರೆಲ್ಲರೂ ತನಗೆ ಮಕ್ಕಳೇ ಎಂದರೆಂದು ಕೊಡಗಿನವರು ಇಂದಿಗೂ ಹೇಳುತ್ತಾರೆ. 1986ರಲ್ಲಿ ದೇಶ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಿತು.

1955: ಸಂವಿಧಾನ ಹೇಳಿದ್ದು

1950ರಲ್ಲಿ ಜಾರಿಗೆ ಬಂದ ಸಂವಿಧಾನದ 53ನೇ ವಿಧಿ ರಕ್ಷಣಾ ಪಡೆಗಳ ಸರ್ವೋಚ್ಚ ಅಧಿಪತ್ಯವನ್ನು ರಾಷ್ಟ್ರಪತಿಗೆ ಕೊಟ್ಟು, ಅದನ್ನು ಕಾನೂನಿನ ಪ್ರಕಾರ ಚಲಾಯಿಸಬೇಕೆಂದು ಹೇಳಿತು. ಹಾಗಿದ್ದ ಮೇಲೆ ಮೂರು ಪಡೆಗಳಿಗೂ ಒಬ್ಬೊಬ್ಬ ಕಮಾಂಡರ್ ಇನ್ ಚೀಫ್ ಇರುವುದು ಗಣರಾಜ್ಯದ ರಚನೆಗೆ ಹೊಂದುತ್ತಿರಲಿಲ್ಲ. 1955ರ ಏಪ್ರಿಲ್ 1ರಂದು ಆ ಪಟ್ಟ ಇಲ್ಲವಾಯಿತು. ಅದೇ ವರ್ಷ ಸಂಸತ್ತು ಅದಕ್ಕೊಂದು ಕಾಯ್ದೆ ಮಾಡಿತು. ಮೂವರೂ ಸಮಾನ ಅಂತಸ್ತಿನ ಮುಖ್ಯಸ್ಥರಾದರು. ಕೊನೆಯ ಕಮಾಂಡರ್ ಇನ್ ಚೀಫ್ ಆಗಿದ್ದ ಮಹಾರಾಜ್ ರಾಜೇಂದ್ರಸಿಂಹಜಿ ಅವರೇ ಮೊದಲ ಭೂಸೇನಾ ಮುಖ್ಯಸ್ಥರೂ ಆದರು. ಪಾಕಿಸ್ತಾನ ಇಂಥದೇ ಬದಲಾವಣೆ ಮಾಡಿಕೊಂಡದ್ದು 1972ರಲ್ಲಿ, ಬಾಂಗ್ಲಾ ಯುದ್ಧದ ಸೋಲಿನ ನಂತರ.

ಹಿಂತೆಗೆದುಕೊಂಡ ಪತ್ರ

ನಾಗರಿಕ ಆಡಳಿತಕ್ಕೆ ಸೇನೆ ತಲೆಬಾಗುವುದು ಒಂದು ಮಾತು. ತಲೆಬಾಗಿದವನ ಮಾತಿಗೆ ಆಡಳಿತ ಕಿವಿಗೊಡುವುದು ಇನ್ನೊಂದು ಮಾತು. ಎರಡನೆಯದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ತಿಮ್ಮಯ್ಯನವರ ಅವಧಿ ತೋರಿಸಿತು.

ತಿಮ್ಮಯ್ಯ 1957ರ ಮೇ ತಿಂಗಳಲ್ಲಿ ಭೂಸೇನಾ ಮುಖ್ಯಸ್ಥರಾದಾಗ ಸೈನಿಕರ ಕಣ್ಣಿನಲ್ಲಿ ಅವರಷ್ಟು ಪ್ರೀತಿಪಾತ್ರರು ಇನ್ನೊಬ್ಬರಿರಲಿಲ್ಲ. ಬರ್ಮಾ ಯುದ್ಧದ ಡಿಎಸ್‌ಒ ಪದಕ, ಜೋಜಿ ಲಾ, ಕೊರಿಯಾದ ಯುದ್ಧಕೈದಿಗಳ ವಾಪಸಾತಿಗಾಗಿ ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ ಎಲ್ಲ ಅವರ ಬೆನ್ನಿಗಿದ್ದವು. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಜತೆ ಬಡ್ತಿಗಳ ವಿಚಾರದಲ್ಲಿ, ಅದರಲ್ಲೂ ಸೇನಾಧಿಕಾರಿ ಬಿ.ಎಂ. ಕೌಲ್ ಅವರನ್ನು ಮೇಲೇರಿಸುವ ವಿಚಾರದಲ್ಲಿ ಭಿನ್ನಾಭಿಪ್ರಾಯ ಬೆಳೆಯಿತು. 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಬರೆದರು. ನೆಹರೂ ಕರೆದು ಮಾತಾಡಿ ಹಿಂತೆಗೆದುಕೊಳ್ಳುವಂತೆ ಒಪ್ಪಿಸಿದರು. ಸುದ್ದಿ ಹೊರಬಿತ್ತು. ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ನೆಹರೂ ನಾಗರಿಕ ಅಧಿಕಾರವೇ ಸರ್ವೋಚ್ಚ ಎಂದು ಸಾರಿ, ಮೆನನ್‌ರನ್ನು ಸಮರ್ಥಿಸಿದರು. ಪತ್ರ ಹಿಂತೆಗೆದುಕೊಂಡ ತಿಮ್ಮಯ್ಯ ಸಾರ್ವಜನಿಕವಾಗಿ ಒಂದು ಮಾತನ್ನೂ ಎದುರಾಡದೆ 1961ರ ಮೇವರೆಗೆ ಕರ್ತವ್ಯ ಮುಗಿಸಿದರು.

1962ರ ಅಕ್ಟೋಬರ್ 20ರಂದು ಚೀನಾ ಸೇನೆ ಗಡಿ ದಾಟಿತು. ಈಶಾನ್ಯದ ರಣರಂಗದ ಹೊಣೆ ಹೊತ್ತಿದ್ದವರು ಅದೇ ಕೌಲ್. ಒಂದು ತಿಂಗಳಲ್ಲಿ ಮೆನನ್ ಹೋದರು, ಭೂಸೇನಾ ಮುಖ್ಯಸ್ಥ ಪಿ.ಎನ್. ಥಾಪರ್ ರಾಜೀನಾಮೆ ಕೊಟ್ಟರು. ತಿಮ್ಮಯ್ಯನವರನ್ನು ಜಗತ್ತು ಮತ್ತೆ ಕರೆಯಿತು. ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿ ಸೈಪ್ರಸ್‌ನಲ್ಲಿದ್ದಾಗಲೇ 1965ರ ಡಿಸೆಂಬರ್ 18ರಂದು ಅವರು ತೀರಿಕೊಂಡರು. ಆ ದ್ವೀಪರಾಷ್ಟ್ರ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯಲ್ಲಿ ಅವರ ‘ಸನ್ನಿ ಸೈಡ್’ ಮನೆ ಈಗ ವಸ್ತುಸಂಗ್ರಹಾಲಯ.

1962ರ ಸೋಲಿನ ಪಾಠ ವ್ಯರ್ಥವಾಗಲಿಲ್ಲ. 1971ರ ಏಪ್ರಿಲ್‌ನಲ್ಲಿ ಪೂರ್ವ ಪಾಕಿಸ್ತಾನದ ನಿರಾಶ್ರಿತರು ಗಡಿ ದಾಟಿ ಬರುತ್ತಿದ್ದಾಗ, ತಕ್ಷಣ ಯುದ್ಧಕ್ಕಿಳಿದರೆ ಮಳೆಗಾಲದ ನದಿಗಳಲ್ಲಿ ಸಿಕ್ಕಿಬೀಳುತ್ತೇವೆ, ಚಳಿಗಾಲದಲ್ಲಿ ಹಿಮಾಲಯದ ಕಣಿವೆಗಳು ಮುಚ್ಚಿದ ಮೇಲೆ ಹೋಗೋಣ ಎಂದು ಇಂದಿರಾ ಗಾಂಧಿಯವರಿಗೆ ಹೇಳಿದ್ದನ್ನು ಆಗಿನ ಭೂಸೇನಾ ಮುಖ್ಯಸ್ಥ ಸ್ಯಾಮ್ ಮಾನೆಕ್‌ಷಾ ನಂತರದ ಭಾಷಣಗಳಲ್ಲಿ ನೆನೆಯುತ್ತಿದ್ದರು. ಯುದ್ಧ ಡಿಸೆಂಬರ್ 3ರಂದು ಶುರುವಾಗಿ 16ಕ್ಕೆ ಮುಗಿಯಿತು. ಸುಮಾರು 93 ಸಾವಿರ ಮಂದಿ ಸೆರೆಸಿಕ್ಕರು. ಗೆದ್ದ ಸೇನೆಯ ಮುಖ್ಯಸ್ಥ 1973ರ ಜನವರಿಯಲ್ಲಿ ಫೀಲ್ಡ್ ಮಾರ್ಷಲ್ ಆಗಿ, ಅದೇ ತಿಂಗಳು ಕುರ್ಚಿ ಬಿಟ್ಟು, ನೀಲಗಿರಿಯ ಕೂನೂರಿನಲ್ಲಿ ನೆಲೆಸಿದರು.

ಇನ್ನೊಂದು ಕೈಬದಲು

ಈಗ ಭೂಸೇನಾ ಮುಖ್ಯಸ್ಥರ ಅವಧಿ ಮೂರು ವರ್ಷ ಅಥವಾ 62 ವಯಸ್ಸು, ಯಾವುದು ಮೊದಲೋ ಅದು. ಸಾಮಾನ್ಯವಾಗಿ ಸೇವಾ ಹಿರಿತನಕ್ಕೇ ಮನ್ನಣೆ. ಅದು ತಪ್ಪಿದ್ದೂ ಉಂಟು. 1983ರಲ್ಲಿ ಎಸ್.ಕೆ. ಸಿನ್ಹಾ ಅವರನ್ನು ಬಿಟ್ಟು ಎ.ಎಸ್. ವೈದ್ಯ ಅವರನ್ನು ಆರಿಸಿದಾಗ ಸಿನ್ಹಾ ಹುದ್ದೆ ತೊರೆದು ಮನೆಗೆ ಹೋದರು. 2016ರಲ್ಲಿ ಇಬ್ಬರು ಹಿರಿಯರನ್ನು ದಾಟಿ ಬಿಪಿನ್ ರಾವತ್ ಆಯ್ಕೆಯಾದರು. ಅಸಮಾಧಾನ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಮಾತಾಯಿತೇ ವಿನಾ ಯಾವ ದಂಡಿನಲ್ಲೂ ಸದ್ದಾಗಲಿಲ್ಲ.

ಕಾರ್ಗಿಲ್ ಯುದ್ಧದ ನಂತರ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಬಂತು. ಮೂರು ಪಡೆಗಳಿಗೆ ಮೂವರು ಮುಖ್ಯಸ್ಥರಿದ್ದರೆ ಸರ್ಕಾರಕ್ಕೆ ಒಂದೇ ದನಿಯಲ್ಲಿ ಸಲಹೆ ಕೊಡುವವರು ಯಾರು? 2001ರಲ್ಲಿ ಸಚಿವರ ತಂಡವೊಂದು ರಕ್ಷಣಾ ಪಡೆಗಳ ಮುಖ್ಯಸ್ಥ, ಅಂದರೆ ಸಿಡಿಎಸ್ ಹುದ್ದೆಗೆ ಶಿಫಾರಸು ಮಾಡಿತು. ಅದು ಕೈಗೂಡಲು 2020ರ ಜನವರಿ 1 ಬರಬೇಕಾಯಿತು. ಮೊದಲ ಸಿಡಿಎಸ್ ಆದ ರಾವತ್ 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಹೆಲಿಕಾಪ್ಟರ್ ದುರಂತದಲ್ಲಿ ಮಡಿದರು. ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಖಾಲಿ ಉಳಿದ ಹುದ್ದೆಗೆ 2022ರ ಸೆಪ್ಟೆಂಬರ್ 30ರಂದು ಅನಿಲ್ ಚೌಹಾಣ್ ಬಂದರು.

ಸಿಡಿಎಸ್‌ಗೆ ಯುದ್ಧಭೂಮಿಯ ಪಡೆಗಳ ಮೇಲೆ ನೇರ ಆಜ್ಞಾಧಿಕಾರ ಇಲ್ಲ. ಅವರು ರಕ್ಷಣಾ ಸಚಿವರ ಪ್ರಧಾನ ಮಿಲಿಟರಿ ಸಲಹೆಗಾರ, ಜತೆಗೆ ಸಚಿವಾಲಯದೊಳಗೆ ಹೊಸದಾಗಿ ಮಾಡಿದ ಮಿಲಿಟರಿ ವ್ಯವಹಾರಗಳ ಇಲಾಖೆಯ ಕಾರ್ಯದರ್ಶಿ. ಕಾರ್ನ್‌ವಾಲಿಸ್‌ನಿಂದ ಕಿಚನರ್‌ವರೆಗೆ ಒಬ್ಬನ ಕೈಯಲ್ಲಿ ತುಂಬಿಕೊಂಡಿದ್ದ ಅಧಿಕಾರ ಮತ್ತೆ ಹಾಗೆ ಕೂಡಿಕೊಳ್ಳದಂತೆ ಹುದ್ದೆಯನ್ನು ಹಂಚಿ ಕಟ್ಟಲಾಗಿದೆ. ಮುಂದಿನ ಹೆಜ್ಜೆ ಥಿಯೇಟರ್ ಕಮಾಂಡ್‌ಗಳದ್ದು: ಒಂದೊಂದು ಗಡಿಯ ಮೂರೂ ಪಡೆಗಳನ್ನು ಒಬ್ಬ ಕಮಾಂಡರ್ ಕೆಳಗೆ ತರುವ ಯೋಜನೆ. ಅದಕ್ಕೆ ಬೇಕಾದ ಶಿಸ್ತು ಮತ್ತು ಆಜ್ಞಾಧಿಕಾರದ ಕಾಯ್ದೆಗೆ ಸಂಸತ್ತು 2023ರಲ್ಲಿ ಒಪ್ಪಿಗೆ ಕೊಟ್ಟಿತು, 2024ರ ಮೇ ತಿಂಗಳಿಂದ ಅದು ಜಾರಿಯಲ್ಲಿದೆ. ಯೋಜನೆ ಪೂರ್ತಿಯಾಗಿ ನಡೆದರೆ ಯುದ್ಧದ ಆಜ್ಞೆ ಥಿಯೇಟರ್ ಕಮಾಂಡರ್‌ಗಳಿಗೆ ಹೋಗುತ್ತದೆ. ಕಾರ್ಯಪ್ಪ ಕೂತಿದ್ದ ಕುರ್ಚಿಯ ಪಾಲಿಗೆ ಸೈನಿಕರನ್ನು ಸೇರಿಸಿಕೊಳ್ಳುವ, ತರಬೇತಿ ಕೊಡುವ, ಶಸ್ತ್ರಸಜ್ಜಾಗಿ ಇರಿಸುವ ಕೆಲಸ ಉಳಿಯುತ್ತದೆ. ಅದನ್ನೂ ಬಿಟ್ಟುಕೊಡಲು ಭೂಸೇನೆ ಎಷ್ಟು ಸಿದ್ಧ, ಈ ಯೋಜನೆಯ ಬಗ್ಗೆ ವಾಯುಸೇನೆಗಿರುವ ಆತಂಕಗಳಿಗೆ ಉತ್ತರವೇನು ಎಂಬುದರ ಮೇಲೆ ರಕ್ಷಣಾ ಸಚಿವಾಲಯದ ಮುಂದಿನ ವರ್ಷಗಳ ಚರ್ಚೆ ನಿಂತಿದೆ.